ಬೆಂಕಿಗೆ ಕರಿ ಕಾವಲು

ಮಕ್ಕಳೇ, ಇದ್ದಿಲು ಉರಿಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಇದ್ದಿಲಿನಲ್ಲಿರುವುದು ಬಹುಪಾಲು ಇಂಗಾಲ. ಅದೇ ಇಂಗಾಲ ಇನ್ನೊಂದು ವಸ್ತುವನ್ನು ಬೆಂಕಿಯಿಂದ ಕಾಯುತ್ತದೆ ಎಂದರೆ ನಂಬುತ್ತೀರಾ?

ಅರಗಿನ ಮನೆಯ ಕಥೆಯನ್ನು ಅಜ್ಜಿ ಹೇಳಿರುತ್ತಾರೆ. ಪಾಂಡವರನ್ನು ಸುಡಲು ದುರ್ಯೋಧನ ಅರಗನ್ನೇ ಆರಿಸಿದ್ದೇಕೆ? ಅರಗು ಒಂದು ಬಗೆಯ ರಾಳ. ಹೊತ್ತಿಕೊಂಡರೆ ಭಗ್ಗನೆ ಉರಿಯುತ್ತದೆ. ಈಗ ಕಾರ್ಖಾನೆಗಳಲ್ಲಿ ತಯಾರಾಗುವ ರಾಳಕ್ಕೆ ಗಾಜಿನ ಎಳೆ ಸೇರಿಸಿ ದೋಣಿ, ರೈಲುಡಬ್ಬಿಯ ಒಳಹಲಗೆ ಮುಂತಾದವನ್ನು ಮಾಡುತ್ತಾರೆ. ಇಂಥ ವಸ್ತುವಿಗೆ ಕಾಂಪೊಸಿಟ್ ಎಂದು ಹೆಸರು. ಹಗುರ, ಗಟ್ಟಿ, ತುಕ್ಕು ಹಿಡಿಯುವುದಿಲ್ಲ. ಆದರೆ ಅರಗಿನ ದುರ್ಗುಣ ಇದಕ್ಕೂ ಉಂಟು. ಬಿಸಿ ತಾಗಿದರೆ ರಾಳ ಒಡೆದು ಅನಿಲ ಹೊರಡುತ್ತದೆ. ಆ ಅನಿಲ ಉರಿಯುತ್ತದೆ. ಉರಿಯ ಬಿಸಿಗೆ ಮತ್ತಷ್ಟು ರಾಳ ಒಡೆಯುತ್ತದೆ. ಈ ಸರಪಳಿಯನ್ನು ಎಲ್ಲಾದರೂ ತುಂಡರಿಸಬೇಕು.

ನಾನು ದಾವಣಗೆರೆ ವಿದ್ಯಾನಗರದವನು. ಮಂಡಕ್ಕಿಯ ಉದಾಹರಣೆ ಬಿಟ್ಟು ಬೇರೆಲ್ಲಿಗೆ ಹೋಗಲಿ? ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದೊಡನೆ ಒಳಗಿನ ತೇವ ಹಬೆಯಾಗಿ ಕಾಳು ಅರಳುತ್ತದೆ. ಗ್ರಾಫೈಟ್ ಕೂಡ ಹೀಗೆಯೇ ಅರಳಬಲ್ಲದು. ಪೆನ್ಸಿಲ್ ಕಡ್ಡಿಯಲ್ಲಿರುವ ಈ ಇಂಗಾಲ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತದೆ; ಇದ್ದಿಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಪದರಗಳ ನಡುವೆ ಆಮ್ಲ ಸೇರಿಸಿದ ಗ್ರಾಫೈಟಿನ ಚೂರುಗಳನ್ನು ರಾಳದಲ್ಲಿ ಕಲಸಿಡುತ್ತಾರೆ. ಬೆಂಕಿ ತಾಗಿದಾಗ ಒಳಗೆ ಅನಿಲ ಹುಟ್ಟಿ ಪದರಗಳನ್ನು ದೂಡುತ್ತದೆ. ಚೂರು ನೂರು ಪಟ್ಟಿಗಿಂತ ಹೆಚ್ಚು ಉಬ್ಬಬಹುದು! ರಾಳಕ್ಕೆ ಕರಿ ಕಂಬಳಿ ಹೊದಿಸಿದಂತಾಯಿತು. ಬಿಸಿ ಒಳಗಿಳಿಯುವುದು ನಿಧಾನ, ಅನಿಲ ಹೊರಬರುವುದೂ ನಿಧಾನ.

ಹಾಗೆಂದು ಪುಡಿಯನ್ನು ಸುರಿಯುತ್ತಲೇ ಹೋಗುವಂತಿಲ್ಲ. ಅಂಬಲಿಯಂತಿದ್ದ ರಾಳ ಮುದ್ದೆಯಾದರೆ ಎಳೆಗಳ ನಡುವೆ ಇಳಿಯದು. ವಸ್ತುವಿನ ಬಲ ಕುಗ್ಗುತ್ತದೆ. ಹದ ಮುಖ್ಯ.

ಕೆಲವು ರಾಳಗಳಂತೂ ಸುಟ್ಟಾಗ ತಾವೇ ಇಂಗಾಲದ ಹೊದಿಕೆಯಾಗುತ್ತವೆ. ಕುಕ್ಕರಿನ ಕಪ್ಪು ಹಿಡಿಗೆ ಬಳಸುವ ಬೇಕಲೈಟ್ ಅಂಥ ಒಂದು ಫೀನಾಲಿಕ್ ರಾಳ. ಇಸ್ರೋದ ಎಸ್‌ಆರ್‌ಇ-1 ಕೋಶ 2007ರ ಜನವರಿ 10ರಂದು ಬಾಹ್ಯಾಕಾಶಕ್ಕೆ ಹೋಗಿ, 22ರಂದು ಬಂಗಾಳ ಕೊಲ್ಲಿಗೆ ಇಳಿಯಿತು. ವಾತಾವರಣಕ್ಕೆ ಧುಮುಕುವಾಗಿನ ಭಾರಿ ಬಿಸಿಯನ್ನು ಎದುರಿಸಲು ಅದರ ಮೂತಿಗೆ ಇಂಗಾಲದ ಎಳೆ ಮತ್ತು ಫೀನಾಲಿಕ್ ರಾಳದ ಕವಚವಿತ್ತು. ಅಂಥ ಕವಚ ತಾನು ಸುಟ್ಟು, ಒಳಗಿನದನ್ನು ಉಳಿಸುತ್ತದೆ.

ಈ ಕರಿ ಕಾವಲು ಬೆಂಕಿಯನ್ನು ಗೆಲ್ಲುವುದಿಲ್ಲ, ತಡಮಾಡುತ್ತದೆ ಅಷ್ಟೆ. ಆದರೆ ರೈಲಿನಲ್ಲಿ ಬೆಂಕಿ ಕಾಣಿಸಿಕೊಂಡಾಗ ಮಕ್ಕಳು, ಮುದುಕರು ಕೆಳಗಿಳಿಯಲು ಬೇಕಾಗುವುದು ಆ ಕೆಲವು ನಿಮಿಷಗಳೇ.

ಅಜ್ಜಂದಿರೇ, ಅಜ್ಜಿಯರೇ, ನೀರೊಲೆಯಲ್ಲಿ ಅರೆ ಉರಿದು ಆರಿದ ದಪ್ಪ ಕೊರಡು ಸಿಕ್ಕರೆ ಮೊಮ್ಮಕ್ಕಳ ಮುಂದೆ ಸೀಳಿ ತೋರಿಸಿ. ಹೊರಗೆ ಕರಿ, ಒಳಗೆ ಹಸನಾದ ಮರ. ಪ್ಲಾಸ್ಟಿಕ್ ಮಾತ್ರ ಸುಟ್ಟು ನೋಡಬೇಡಿ. ಅದರ ಹೊಗೆ ವಿಷ.