ಗದ್ದುಗೆಯ ಕತೆಯಲ್ಲ, ಮತದ ಲೆಕ್ಕ: ರಾಯದುರ್ಗ, ಮಡಕಶಿರಾ ಹೇಳುವ ರಾಷ್ಟ್ರಪತಿ ಚುನಾವಣೆ ಪಾಠ

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ಬಂತೆಂದರೆ ನಮ್ಮ ಕಡೆಯ ಚಹಾ ಅಂಗಡಿಗಳಲ್ಲೂ ಅದರದೇ ಮಾತು. 2024ರ ನವೆಂಬರ್‌ನಲ್ಲಿ ಟ್ರಂಪ್, ಕಮಲಾ ಹ್ಯಾರಿಸ್ ಸ್ಪರ್ಧೆ ನಡೆದಾಗ ಹ್ಯಾರಿ ಪಾಟರ್ ಓದಿ ಬೆಳೆದವರು, ಗೇಮ್ ಆಫ್ ಥ್ರೋನ್ಸ್ ನೋಡಿದವರು, ಬಾಹುಬಲಿಯ ಅಭಿಮಾನಿಗಳು ಎಲ್ಲರಿಗೂ ಅದೊಂದು ಹೊಸ ಸೀಸನ್ ಇದ್ದ ಹಾಗೆ. ಒಬ್ಬ ಹೀರೋ, ಒಬ್ಬ ವಿಲನ್, ನಡುವೆ ಒಂದು ಸಿಂಹಾಸನ. ಅದೇ ಯುವಕರ ಹತ್ತಿರ ಭಾರತದ ರಾಷ್ಟ್ರಪತಿ ಚುನಾವಣೆ ಬಗ್ಗೆ ಕೇಳಿದರೆ, "ಅದರಲ್ಲೇನಿದೆ, ರಬ್ಬರ್ ಸ್ಟ್ಯಾಂಪ್ ಅಲ್ವಾ?" ಅಂತ ಮಾತು ಮುಗಿಸ್ತಾರೆ.

ದ್ರೌಪದಿ ಮುರ್ಮು ಅವರು ಅಧಿಕಾರ ಸ್ವೀಕರಿಸಿದ್ದು 2022ರ ಜುಲೈ 25ರಂದು. ಐದು ವರ್ಷದ ಅವಧಿ 2027ರ ಜುಲೈಗೆ ಮುಗಿಯುತ್ತದೆ. ಹಾಗಾಗಿ ಈ ಚುನಾವಣೆಯನ್ನು ಈಗಲೇ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. ಇದು ಸಿಂಹಾಸನದ ಕತೆಯೂ ಅಲ್ಲ, ಬರೀ ಮುದ್ರೆ ಒತ್ತುವ ಶಾಸ್ತ್ರವೂ ಅಲ್ಲ. ಅದನ್ನು ತಿಳಿಯಲು ವಾಷಿಂಗ್ಟನ್‌ಗೆ ಹೋಗಬೇಕಿಲ್ಲ. ಕರ್ನಾಟಕದ ಗಡಿ ದಾಟಿ ಆಂಧ್ರದ ಅನಂತಪುರದ ಕಡೆ ನೋಡಿದರೆ ಸಾಕು.

ಬಳ್ಳಾರಿ ಮತ್ತು ಚಿತ್ರದುರ್ಗ ಜಿಲ್ಲೆಗಳ ಅಂಚಿನಲ್ಲಿ ರಾಯದುರ್ಗ ಇದೆ. ತುಮಕೂರು ಜಿಲ್ಲೆಗೆ ತಾಗಿಕೊಂಡು ಮಡಕಶಿರಾ ಇದೆ. ಎರಡೂ ಕಡೆ ಕನ್ನಡ ಮನೆಮಾತಾಗಿರುವ ಕುಟುಂಬಗಳು ಬಹಳ. ರಾಯದುರ್ಗ ಹಿಂದೆ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು, 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು, ಈಗ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.

ಈ ಅನಂತಪುರ ಎರಡು ಬೇರೆ ಬೇರೆ ಲೋಕಗಳಿಗೆ ಇಬ್ಬರು ದೊಡ್ಡವರನ್ನು ಕೊಟ್ಟಿದೆ. ಒಬ್ಬರು ತಾಡಿಪತ್ರಿ ಕಡೆಯ ಕೆ.ವಿ. ರೆಡ್ಡಿ, 1912ರಲ್ಲಿ ಹುಟ್ಟಿದವರು. 'ಪಾತಾಳ ಭೈರವಿ' (1951), 'ಮಾಯಾಬಜಾರ್' (1957) ಸಿನಿಮಾಗಳ ನಿರ್ದೇಶಕರು. ಇಂದಿನ ಫ್ಯಾಂಟಸಿ ಅಭಿಮಾನಿಗಳ ಅಜ್ಜ-ಅಜ್ಜಿಯರು ಮಂತ್ರವಾದಿಯನ್ನೂ ಘಟೋತ್ಕಚನನ್ನೂ ಪರದೆಯ ಮೇಲೆ ಕಂಡದ್ದು ಇವರಿಂದ. ಇನ್ನೊಬ್ಬರು ಇಲ್ಲೂರು ಗ್ರಾಮದ ನೀಲಂ ಸಂಜೀವ ರೆಡ್ಡಿ, 1913ರಲ್ಲಿ ಹುಟ್ಟಿದವರು. ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ, ಲೋಕಸಭೆಯ ಸ್ಪೀಕರ್, ಕೊನೆಗೆ ರಾಷ್ಟ್ರಪತಿ. ಮೊದಲನೆಯವರ ಕತೆಗಳಲ್ಲಿ ಮಾಯೆ ಕೆಲಸ ಮಾಡುತ್ತದೆ. ಎರಡನೆಯವರ ಬದುಕಿನಲ್ಲಿ ಕೆಲಸ ಮಾಡಿದ್ದು ಲೆಕ್ಕ.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಅವರ ಜಾಗಕ್ಕೆ ಅಭ್ಯರ್ಥಿ ಆರಿಸಲು ಆ ಜುಲೈನಲ್ಲಿ ಕಾಂಗ್ರೆಸ್ ನಾಯಕರು ಬೆಂಗಳೂರಿನಲ್ಲಿ ಸೇರಿದರು. ಪಕ್ಷದ ಅಧ್ಯಕ್ಷರಾಗಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಅವರಿಗೆ ಜಗಜೀವನ್ ರಾಮ್ ಬೇಕಿತ್ತು, ಪಕ್ಷದ ಹಿರಿಯರು ಸಂಜೀವ ರೆಡ್ಡಿಯವರನ್ನು ಆರಿಸಿದರು. ಉಪರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಇಂದಿರಾ ಅವರೇ ಕೊನೆಗೆ, ಶಾಸಕರು, ಸಂಸದರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದುಬಿಟ್ಟರು.

ಆಗಸ್ಟ್ 16ರಂದು ಮತದಾನ ನಡೆಯಿತು. ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548. ಗೆಲ್ಲಲು ಬೇಕಿದ್ದದ್ದು 4,18,169. ಯಾರಿಗೂ ಅಷ್ಟು ಸಿಗಲಿಲ್ಲ. ಹಾಗಾಗಿ ಎರಡನೇ ಪ್ರಾಶಸ್ತ್ಯದ ಮತ ಎಣಿಸಬೇಕಾಯಿತು. ಅಂತಿಮವಾಗಿ ಗಿರಿ 4,20,077, ರೆಡ್ಡಿ 4,05,427. ಅಂತರ 14,650. ಆಗ ಒಬ್ಬ ಸಂಸದನ ಮತದ ಮೌಲ್ಯ 576. ಅಂದರೆ ಹದಿಮೂರು ಸಂಸದರು ಅತ್ತ ಹಾಕಿದ್ದನ್ನು ಇತ್ತ ಹಾಕಿದ್ದರೆ ಅನಂತಪುರದ ರೈತನ ಮಗ ಅಂದೇ ರಾಷ್ಟ್ರಪತಿ ಭವನಕ್ಕೆ ಹೋಗುತ್ತಿದ್ದರು. ಮೂರು ತಿಂಗಳೊಳಗೆ ಕಾಂಗ್ರೆಸ್ಸೇ ಎರಡು ಹೋಳಾಯಿತು.

ಸಿನಿಮಾ ಆಗಿದ್ದರೆ ಇಲ್ಲಿಗೆ ಇಂಟರ್ವಲ್. ರೆಡ್ಡಿಯವರು 1971ರಲ್ಲಿ ತಮ್ಮದೇ ಅನಂತಪುರ ಲೋಕಸಭಾ ಕ್ಷೇತ್ರದಲ್ಲಿ ಸೋತರು. 1977ರಲ್ಲಿ ನಂದ್ಯಾಲದಿಂದ ಗೆದ್ದರು. ಆ ಸಲ ಆಂಧ್ರದಿಂದ ಗೆದ್ದ ಏಕೈಕ ಜನತಾ ಅಭ್ಯರ್ಥಿ ಅವರು. ಅದೇ ವರ್ಷ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅಧಿಕಾರದಲ್ಲಿದ್ದಾಗ ನಿಧನರಾಗಿದ್ದರು. ಕರ್ನಾಟಕದ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಜುಲೈನಲ್ಲಿ ಚುನಾವಣೆ ಘೋಷಣೆಯಾದಾಗ ಬಂದ 37 ನಾಮಪತ್ರಗಳಲ್ಲಿ 36 ತಿರಸ್ಕೃತಗೊಂಡವು. ಉಳಿದದ್ದು ಒಂದೇ. ಎಂಟು ವರ್ಷದ ಹಿಂದೆ ಕೈತಪ್ಪಿದ್ದು ಈ ಬಾರಿ ಒಂದು ಮತವೂ ಬೀಳದೆ ಸಿಕ್ಕಿತು. ಇಂದಿಗೂ ಅವಿರೋಧವಾಗಿ ಆಯ್ಕೆಯಾದ ಏಕೈಕ ರಾಷ್ಟ್ರಪತಿ ಅವರೇ.

"ರಬ್ಬರ್ ಸ್ಟ್ಯಾಂಪ್" ಅನ್ನುವವರಿಗೆ ಉತ್ತರವೂ ಇವರ ಅವಧಿಯಲ್ಲೇ ಇದೆ. 1979ರ ಜುಲೈನಲ್ಲಿ ಮೊರಾರ್ಜಿ ದೇಸಾಯಿ ರಾಜೀನಾಮೆ ಕೊಟ್ಟಾಗ ಯಾರಿಗೂ ಸ್ಪಷ್ಟ ಬಹುಮತ ಇರಲಿಲ್ಲ. ಯಾರನ್ನು ಕರೆಯಬೇಕು ಎಂದು ತೀರ್ಮಾನಿಸಿದ್ದು ರಾಷ್ಟ್ರಪತಿ. ಅವರು ಚರಣ್ ಸಿಂಗ್ ಅವರನ್ನು ಕರೆದರು. ಚರಣ್ ಸಿಂಗ್ ಲೋಕಸಭೆಯನ್ನು ಎದುರಿಸದೆಯೇ ರಾಜೀನಾಮೆ ಕೊಟ್ಟರು. ಆಗಸ್ಟ್ 22ರಂದು ರೆಡ್ಡಿಯವರು ಲೋಕಸಭೆ ವಿಸರ್ಜಿಸಿದರು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಮುಗಿದಿಲ್ಲ. ಆದರೆ ಬಹುಮತ ಗಟ್ಟಿ ಇದ್ದಾಗ ಸುಮ್ಮನಿರುವ ಈ ಹುದ್ದೆ, ಬಹುಮತ ಅಲುಗಾಡಿದ ದಿನ ದೇಶದ ದಿಕ್ಕನ್ನೇ ಬದಲಿಸಬಲ್ಲದು ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು.

ಈಗ ರಾಯದುರ್ಗ, ಮಡಕಶಿರಾದ ಮತದಾರನ ಲೆಕ್ಕಕ್ಕೆ ಬರೋಣ. ರಾಷ್ಟ್ರಪತಿಯನ್ನು ಜನ ನೇರವಾಗಿ ಆರಿಸುವುದಿಲ್ಲ. ಚುನಾಯಿತ ಸಂಸದರು ಮತ್ತು ಶಾಸಕರು ಆರಿಸುತ್ತಾರೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕನ ಮತದ ಮೌಲ್ಯ ಸಿಗುತ್ತದೆ. 2022ರಲ್ಲಿ ಉತ್ತರ ಪ್ರದೇಶದ ಶಾಸಕನಿಗೆ 208, ಆಂಧ್ರಕ್ಕೆ 159, ಕೇರಳಕ್ಕೆ 152, ಕರ್ನಾಟಕಕ್ಕೆ 131, ಸಿಕ್ಕಿಂಗೆ ಬರೀ 7. ರಾಯದುರ್ಗದ ಶಾಸಕರ ಮತ 159. ಗಡಿ ದಾಟಿ ಮೊಳಕಾಲ್ಮೂರಿಗೆ ಬಂದರೆ 131. ಮಾತಾಡುವ ಭಾಷೆ ಒಂದೇ, ಮತದ ತೂಕ ಬೇರೆ.

ಮಡಕಶಿರಾದಲ್ಲಿ 2024ರ ವಿಧಾನಸಭಾ ಚುನಾವಣೆ ತೀರ್ಮಾನವಾದದ್ದು 351 ಮತಗಳ ಅಂತರದಲ್ಲಿ. ಒಂದೆರಡು ಮತಗಟ್ಟೆಗಳ ಜನ ಆ ಕಡೆ ಈ ಕಡೆ ಆಗಿದ್ದರೆ 159 ಮೌಲ್ಯದ ಆ ಮತ ಇನ್ನೊಬ್ಬರ ಕೈಯಲ್ಲಿರುತ್ತಿತ್ತು. "ನನ್ನ ಒಂದು ಓಟಿನಿಂದ ಏನಾಗುತ್ತೆ?" ಅಂತ ಮನೆಯಲ್ಲಿ ಕೂರುವ ಯುವಕರು ಈ ಸಂಖ್ಯೆಯನ್ನು ನೆನಪಿಡಬೇಕು.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಮೇಲಿನ ಎಲ್ಲ ಮೌಲ್ಯಗಳು ನಿಂತಿರುವುದು 1971ರ ಜನಗಣತಿಯ ಮೇಲೆ. ಕುಟುಂಬ ಯೋಜನೆಯನ್ನು ಚೆನ್ನಾಗಿ ಜಾರಿ ಮಾಡಿದ ರಾಜ್ಯಗಳಿಗೆ ನಷ್ಟ ಆಗಬಾರದು ಎಂದು 1976ರ 42ನೇ ತಿದ್ದುಪಡಿ ಆ ಅಂಕಿಯನ್ನೇ ಸ್ಥಿರಗೊಳಿಸಿತು. 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಸರಕಾರ ಘೋಷಿಸಿರುವ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಅದರ ಅಂಕಿಗಳು ಪ್ರಕಟವಾಗಿ ಈ ಲೆಕ್ಕಕ್ಕೆ ಬಂದಾಗ, 1971ರ ನಂತರ ಜನಸಂಖ್ಯೆ ವೇಗವಾಗಿ ಬೆಳೆದ ಉತ್ತರದ ರಾಜ್ಯಗಳ ಪಾಲು ಹೆಚ್ಚಾಗುತ್ತದೆ. ಕೇರಳ, ತಮಿಳುನಾಡು, ಆಂಧ್ರದ ಪಾಲು ಕುಗ್ಗುತ್ತದೆ. ಕ್ಷೇತ್ರ ಪುನರ್ವಿಂಗಡಣೆಯ ಬಗ್ಗೆ ದಕ್ಷಿಣದಲ್ಲಿ ಎದ್ದಿರುವ ಆತಂಕ ಲೋಕಸಭೆಯ ಸೀಟುಗಳದ್ದು ಮಾತ್ರ ಅಂತ ಅನೇಕರು ತಿಳಿದಿದ್ದಾರೆ. ಮುಂದಿನ ರಾಷ್ಟ್ರಪತಿಗಳನ್ನು ಆರಿಸುವ ತಕ್ಕಡಿಯೂ ಅದರೊಂದಿಗೇ ವಾಲುತ್ತದೆ.

ಅಮೆರಿಕದಲ್ಲೂ ತಕ್ಕಡಿಯ ತಕರಾರು ಇದೆ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಸುಮಾರು 29 ಲಕ್ಷ ಮತ ಹೆಚ್ಚು ಬಂದರೂ ಗೆದ್ದದ್ದು ಟ್ರಂಪ್. ರಾಜ್ಯವಾರು ಪ್ರತಿನಿಧಿ ಮತಗಳ ಲೆಕ್ಕದಲ್ಲಿ ಅವರು ಮುಂದಿದ್ದರು. ವಿಶೇಷ ಏನೆಂದರೆ, ಆ ದೇಶದ 538 ಪ್ರತಿನಿಧಿ ಮತಗಳ ಲೆಕ್ಕ ಇಲ್ಲಿನ ಎಷ್ಟೋ ಹುಡುಗರಿಗೆ ಬಾಯಿಪಾಠ, ತಮ್ಮ ಶಾಸಕನ ಮತದ ಮೌಲ್ಯ ಮಾತ್ರ ಗೊತ್ತಿಲ್ಲ.

ಫ್ಯಾಂಟಸಿ ಓದುವುದು ತಪ್ಪಲ್ಲ. ನಿಜ ಹೇಳಬೇಕೆಂದರೆ ಅದರ ಅಭಿಮಾನಿಗಳಷ್ಟು ನಿಯಮ ನೋಡುವವರು ಬೇರೆ ಇಲ್ಲ. ಯಾವ ಮಂತ್ರಕ್ಕೆ ಯಾವ ಮಿತಿ, ಯಾವ ವಂಶಕ್ಕೆ ಯಾವ ಹಕ್ಕು, ಎಲ್ಲಾ ಬಿಡಿಸಿ ಹೇಳ್ತಾರೆ. ಕತೆಗಾರ ತಾನೇ ಮಾಡಿದ ನಿಯಮ ಮುರಿದರೆ ಬಿಡೋದಿಲ್ಲ, ಪ್ರಶ್ನೆ ಮಾಡ್ತಾರೆ. ಅದೇ ಗುಣ ಸಂವಿಧಾನಕ್ಕೂ ಬೇಕು.

ಪ್ರಶ್ನೆ ಕೇಳಲು ಕಾರಣವೂ ಇದೆ. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ, ಮತದಾನ ಗುಪ್ತ. ಶಾಸಕ ಕಾನೂನಿನ ಪ್ರಕಾರ ಸ್ವತಂತ್ರ. 2022ರಲ್ಲಿ ಆಂಧ್ರದಲ್ಲಿ ಎಲ್ಲದಕ್ಕೂ ಜಗಳವಾಡುವ ಎರಡು ದೊಡ್ಡ ಪಕ್ಷಗಳೂ ಒಬ್ಬರನ್ನೇ ಬೆಂಬಲಿಸಿದವು. ಯಾಕೆ ಎಂದು ಕ್ಷೇತ್ರದ ಜನರಿಗೆ ವಿವರಿಸಿದವರು ಕಡಿಮೆ, ಕೇಳಿದವರು ಇನ್ನೂ ಕಡಿಮೆ. 2027ರಲ್ಲಿ ರಾಯದುರ್ಗದವರಾಗಲಿ, ಮಡಕಶಿರಾದವರಾಗಲಿ, ಮಂಗಳೂರು, ಉಳ್ಳಾಲದವರಾಗಲಿ ತಮ್ಮ ಶಾಸಕರನ್ನು ಒಂದು ಮಾತು ಕೇಳಬಹುದು: "ನಮ್ಮ ಹೆಸರಿನಲ್ಲಿ ನೀವು ಯಾರಿಗೆ ಮತ ಹಾಕ್ತೀರಿ, ಯಾಕೆ?" ಉತ್ತರ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಆದರೆ ಆ ಮತ ಅವರ ಕೈಗೆ ಬಂದದ್ದು ಜನರಿಂದ, ಕೇಳುವ ಹಕ್ಕು ಜನರದ್ದು.