ಗುಜರಿಯ ಗಣಕಯಂತ್ರ ಮತ್ತು ಶ್ರಾವಕನ ಪರಿಮಾಣ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ರ ಉಚಿತ ಬೆಂಬಲವನ್ನು ನಿಲ್ಲಿಸಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11, ಎಂಟನೆಯ ತಲೆಮಾರಿಗಿಂತ ಹಿಂದಿನ ಬಹುತೇಕ ಇಂಟೆಲ್ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಕೆಡದೆ ಓಡುತ್ತಿದ್ದ ಯಂತ್ರಗಳೂ ಹೀಗೆ ಹಳತೆನಿಸಿಕೊಂಡವು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಇಂಥವು ಅಗ್ಗವಾಗಿ ದೊರೆಯುತ್ತವೆ. ವಿಜಯಪುರದ ವಿದ್ಯಾರ್ಥಿಯೋ, ತಿಕೋಟಾದ ದ್ರಾಕ್ಷಿ ಬೆಳೆಗಾರರ ಮಗನೋ, ಬಬಲೇಶ್ವರದ ಹುಡುಗಿಯೋ ಒಂದನ್ನು ಕೊಂಡು ತಂದು, ಬಿಚ್ಚಿ ಜೋಡಿಸಿ, ಉಚಿತವಾದ ಲಿನಕ್ಸ್ ಅಳವಡಿಸಿ ಕಲಿಯಲು ಕುಳಿತರೆ ಹಿರಿಯರು ಕೇಳುವುದು, 'ಈ ಗುಜರಿ ಯಾಕ ತಂದಿ?' ಎಂದು.

ಈ ಆಕ್ಷೇಪ ಪೂರ್ತಿ ಸರಿಯಲ್ಲ. ಹೊಸ ಯಂತ್ರವೊಂದು ಸಿದ್ಧವಾಗಲು ಗಣಿ ಅಗೆಯಬೇಕು, ಲೋಹ ಕರಗಿಸಬೇಕು. ಅದೆಲ್ಲವೂ ಆರಂಭಜನ್ಯ ಹಿಂಸೆಯೇ. ಆಗಲೇ ಸಿದ್ಧವಾಗಿರುವ ವಸ್ತುವಿನ ಆಯುಷ್ಯವನ್ನು ಹೆಚ್ಚಿಸುವವನು ಆ ಹಿಂಸೆಯನ್ನು ಅಷ್ಟರಮಟ್ಟಿಗೆ ತಡೆಯುತ್ತಾನೆ.

ಆದರೂ ಹಿರಿಯರ ಅಳುಕಿನಲ್ಲಿ ತಥ್ಯವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅತಿಸಂಗ್ರಹವೂ ಒಂದು. ದುಬಾರಿ ವಸ್ತುವಿಗೆ ಬೆಲೆಯೇ ಬೇಲಿ. ಅಗ್ಗದ ವಸ್ತುವಿಗೆ ಯಾವ ಬೇಲಿಯೂ ಇಲ್ಲ. ಒಂದನ್ನು ಕೊಳ್ಳಲು ಹೋದವನು ಬಿಡಿಭಾಗಕ್ಕೆಂದು ಇನ್ನೊಂದನ್ನು, ಮುಂದೆ ಬೇಕಾದೀತೆಂದು ಮತ್ತೊಂದನ್ನು ತರುತ್ತಾನೆ. ಅಟ್ಟ ತುಂಬುತ್ತದೆ, ಕಲಿಕೆ ಮಾತ್ರ ಮೊದಲ ಯಂತ್ರದಲ್ಲೇ ನಿಂತಿರುತ್ತದೆ. ಉಮಾಸ್ವಾಮಿಗಳು ಪರಿಗ್ರಹವೆಂದರೆ ಮೂರ್ಛೆಯೆಂದರು. ಆ ಮೂರ್ಛೆಗೆ ವಸ್ತು ಹೊಸದೋ ಹಳೆಯದೋ ಎಂಬ ಭೇದವಿಲ್ಲ. ಆದುದರಿಂದ ಕೊಳ್ಳುವ ಮೊದಲೇ ಎಣಿಕೆ ನಿಶ್ಚಯವಾಗಲಿ: ಮನೆಯಲ್ಲಿ ಎರಡು ಯಂತ್ರಗಳೆಂದರೆ ಎರಡೇ, ಮೂರನೆಯದು ಒಳಬರಬೇಕಾದರೆ ಒಂದು ಹೊರಹೋಗಬೇಕು.

ಅಚೌರ್ಯದ ವಿಚಾರ ಇನ್ನೂ ಸೂಕ್ಷ್ಮವಾದುದು. ಕದ್ದ ಮಾಲನ್ನು ಕೊಳ್ಳುವುದು ಅಚೌರ್ಯಾಣುವ್ರತದ ಅತಿಚಾರವೆಂದು ತತ್ತ್ವಾರ್ಥಸೂತ್ರದಲ್ಲಿಯೇ ಇದೆ. ರಶೀದಿ ಕೊಡಲೊಲ್ಲದವನಿಂದ ಕೊಳ್ಳದಿರುವುದೇ ಕ್ಷೇಮ. ಇನ್ನು, ಹಳೆಯ ಹಾರ್ಡ್ ಡಿಸ್ಕಿನೊಳಗೆ ಹಿಂದಿನ ಒಡೆಯನ ಭಾವಚಿತ್ರ, ಪತ್ರ, ಬ್ಯಾಂಕ್ ಲೆಕ್ಕಗಳು ಉಳಿದಿರಬಹುದು. ಕಡತವನ್ನು ಅಳಿಸಿದಾಗ ಸಾಮಾನ್ಯವಾಗಿ ಅದರ ಹೆಸರು ಮಾತ್ರ ಪಟ್ಟಿಯಿಂದ ಹೋಗುತ್ತದೆ. ಹೊಸ ಬರಹ ಮೇಲೆ ಕೂರುವವರೆಗೆ ಒಳಗಿನ ಅಕ್ಷರಗಳು ಹಾಗೆಯೇ ಇರುತ್ತವೆ. ಹಣ ತೆತ್ತದ್ದು ಯಂತ್ರಕ್ಕೆ, ಆ ಮನುಷ್ಯನ ಬದುಕಿಗಲ್ಲ. ಕುತೂಹಲಕ್ಕಾಗಿ ತೆರೆದು ನೋಡಿದರೂ ಅದು ಅದತ್ತಾದಾನವೇ. ಡಿಸ್ಕನ್ನು ನೋಡದೆ, ಪೂರ್ಣವಾಗಿ ಮೇಲ್ಬರಹದಿಂದ ಅಳಿಸುವುದನ್ನೇ ಮೊದಲ ಪಾಠವಾಗಿ ಕಲಿಸಬೇಕು. ಕಂಪ್ಯೂಟರ್ ತರಗತಿಗಳಲ್ಲಿ ಇದನ್ನು ಹೇಳುವವರು ವಿರಳ.

ಮೂಲೆಯಲ್ಲಿ ಬಿದ್ದಿದ್ದ ಪೆಟ್ಟಿಗೆಯೊಳಗೆ ಇರುವೆ, ಜೇಡ, ಹಲ್ಲಿಮೊಟ್ಟೆಗಳಿರುವುದುಂಟು. ರಭಸದ ಗಾಳಿಯಂತ್ರಕ್ಕಿಂತ ಮೊದಲು ಮೃದುವಾದ ಕುಂಚ ಬರಲಿ. ಮುನಿಗಳ ಕೈಯ ಪಿಂಛಿ ಕಲಿಸುವ ಯತ್ನಾಚಾರ ಇಲ್ಲಿಗೂ ಸಲ್ಲುತ್ತದೆ. ತಾಮ್ರದಾಸೆಗೆ ತಂತಿ ಸುಡುವುದು ಮಾತ್ರ ಎಂದಿಗೂ ಕೂಡದು. ಆ ಹೊಗೆ ವಿಷ. ಉಳಿಯುವ ಸೀಸ ನೆಲಕ್ಕಿಳಿಯುತ್ತದೆ. ಸತ್ತ ಭಾಗಗಳು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಗೆ ಸೇರಬೇಕು.

ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಂದು ಓಲೆಗರಿ ಜ್ಞಾನದ ವಾಹನವಾಗಿತ್ತು. ಬಬಲೇಶ್ವರದ ಹುಡುಗಿ ಸರಿಪಡಿಸಿ, ಕನ್ನಡ ಕೀಲಿಮಣೆ ಅಳವಡಿಸಿದ ಯಂತ್ರವೊಂದು ತಿಕೋಟಾದ ಯಾವುದೋ ಶಾಲೆಯ ಮೇಜಿಗೆ ಹೋದರೆ ಅದನ್ನು ಶಾಸ್ತ್ರದಾನದ ಸಾಲಿಗೆ ಸೇರಿಸಲು ಹಿಂಜರಿಯಬೇಕಾಗಿಲ್ಲ. ಅವಳ ಎಣಿಕೆಯಲ್ಲಿ ಒಂದು ಸ್ಥಾನವೂ ತೆರವಾಗುತ್ತದೆ.