ವಿದೇಶದ ಪಾಠಕ್ಕೂ ಎರೆಹೊಲದ ಹದ ಬೇಕು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾದತ್ತ ಸಾಗಿದರೆ ದ್ರಾಕ್ಷಿಯ ಚಪ್ಪರಗಳೂ ಹಿಂಗಾರಿ ಜೋಳದ ಎರೆಹೊಲಗಳೂ ಅಕ್ಕಪಕ್ಕದಲ್ಲಿಯೇ ಕಾಣುತ್ತವೆ. ತಿಕೋಟಾ, ಬಬಲೇಶ್ವರ ಭಾಗದ ಅನೇಕ ಭಕ್ತರ ಮಕ್ಕಳು ಇಂದು ಕೃಷಿ ಪದವಿ ಓದುತ್ತಿದ್ದಾರೆ. ಆದ್ದರಿಂದ ಕೃಷಿ ಪ್ರಾಧ್ಯಾಪಕರು ಅಲ್ಪಾವಧಿಗೆ ವಿದೇಶಗಳಿಗೆ ತೆರಳಿ ಬೋಧಿಸುವ ವಿಚಾರವು ನಮಗೆ ದೂರದ ಸುದ್ದಿಯಲ್ಲ.

1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅಮೆರಿಕದ ಟೆನ್ನೆಸಿ ವಿಶ್ವವಿದ್ಯಾಲಯವು ಅದಕ್ಕೆ ನೆರವಾಯಿತು. ಇತ್ತೀಚೆಗೆ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ನಡೆದ ರಾಷ್ಟ್ರೀಯ ಕೃಷಿ ಉನ್ನತ ಶಿಕ್ಷಣ ಯೋಜನೆಯೂ ಅಧ್ಯಾಪಕರನ್ನು ಹೊರದೇಶಗಳಿಗೆ ತರಬೇತಿಗೆಂದು ಕಳುಹಿಸಿತು. ಈ ಎರಡರಲ್ಲಿಯೂ ನಾವು ಕಲಿಯುವವರ ಸ್ಥಾನದಲ್ಲಿದ್ದೆವು. 2025ರ ಜುಲೈ 1ರಿಂದ ಅಮೆರಿಕದ ಯುಎಸ್‌ಏಡ್ ತನ್ನ ವಿದೇಶಿ ನೆರವಿನ ಕಾರ್ಯವನ್ನು ನಿಲ್ಲಿಸಿದೆ. ಬಡ ದೇಶಗಳ ಕೃಷಿ ಶಿಕ್ಷಣಕ್ಕೆ ಇದರಿಂದ ಕೊರತೆಯುಂಟಾಗುವುದು ಸಹಜ. ಕಲಿಸುವವರಾಗಿ ಹೋಗಲು ನಾವು ಸಿದ್ಧರಿದ್ದೇವೆಯೇ?

ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾದದ್ದು 1930ರ ದಶಕದಲ್ಲಿ. ಚೌಕುಮಡಿ ಕಟ್ಟಿ ಮಳೆನೀರನ್ನು ಇಂಗಿಸುವ ವಿಧಾನವು ಇಲ್ಲಿನ ರೈತರಿಗೆ ಚಿರಪರಿಚಿತ. ಈ ಅನುಭವವು ಎರೆಮಣ್ಣುಳ್ಳ ಇಥಿಯೋಪಿಯಾದಂತಹ ದೇಶಕ್ಕೆ ಉಪಯುಕ್ತ. ಆದರೆ ಒಂದು ಎಚ್ಚರ ಅಗತ್ಯ. ನಮ್ಮ ಎರೆಯಲ್ಲಿ ಹಸಿ ಆರಿ ಬೆಳೆ ಒಣಗಿದರೆ, ಅಲ್ಲಿನ ಎತ್ತರದ ಪ್ರದೇಶಗಳ ಎರೆಯಲ್ಲಿ ನೀರು ನಿಂತು ಬೆಳೆ ಕೆಡುತ್ತದೆ. ಮಣ್ಣು ಒಂದೇ, ಸಂಕಟ ಬೇರೆ. ಅದನ್ನರಿಯದೆ ಇಲ್ಲಿನ ಟಿಪ್ಪಣಿಗಳನ್ನೇ ಅಲ್ಲಿ ಓದಿ ಹೇಳಿದರೆ ಪ್ರಯೋಜನವಿಲ್ಲ.

ಆದುದರಿಂದ ಯೋಜನೆಯು ವಿಮಾನದ ಟಿಕೆಟಿಗಿಂತ ಬಹಳ ಮೊದಲೇ ಆರಂಭವಾಗಬೇಕು. ಅಲ್ಲಿನ ಅಧ್ಯಾಪಕರೊಂದಿಗೆ ಕೂಡಿ ಪಾಠವನ್ನು ರೂಪಿಸಬೇಕು. ಹಿಂಗಾರಿ ಬಿತ್ತನೆ ಮತ್ತು ದ್ರಾಕ್ಷಿಯ ಚಾಟನಿ ನಡೆಯುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ನಮ್ಮ ರೈತರಿಗೆ ತಜ್ಞರ ಸಲಹೆ ಅತ್ಯಗತ್ಯ. ಆಗ ಅವರನ್ನು ಹೊರಗೆ ಕಳುಹಿಸಬಾರದು. ಹೋದವರ ತರಗತಿಗಳನ್ನು ಯಾರು ವಹಿಸಿಕೊಳ್ಳುವರೆಂಬುದು ಮೊದಲೇ ನಿಶ್ಚಯವಾಗಿರಬೇಕು. ಇಲ್ಲವಾದರೆ ಪರದೇಶದ ವಿದ್ಯಾರ್ಥಿಗೆ ದೊರೆತ ಪಾಠವು ನಮ್ಮ ವಿದ್ಯಾರ್ಥಿಗೆ ತಪ್ಪಿದ ಪಾಠವಾಗುತ್ತದೆ.

ಹಿಂದಿರುಗಿದ ಪ್ರಾಧ್ಯಾಪಕರು ವರದಿ ಸಲ್ಲಿಸುವುದರೊಂದಿಗೆ ರೈತರ ಹೊಲದ ಬದುವಿನ ಮೇಲೆ ನಿಂತು ತಾವು ಕಂಡದ್ದನ್ನು ಹೇಳಲಿ. ವಿದ್ಯೆಯೂ ದಾಸೋಹದಂತೆ, ನೀಡಿದವರು ಪಂಕ್ತಿಯಲ್ಲಿ ಕುಳಿತು ಉಂಡಾಗಲೇ ಅದು ಪೂರ್ಣವಾಗುತ್ತದೆ. ತಮ್ಮ ಮಕ್ಕಳನ್ನು ಕೃಷಿ ಕಾಲೇಜಿಗೆ ಕಳುಹಿಸಿರುವ ಭಕ್ತರು ಈ ಮಾತನ್ನು ಅಲ್ಲಿನ ಅಧ್ಯಾಪಕರ ಮುಂದಿಡಬೇಕೆಂದು ನಾವು ವಿನಂತಿಸುತ್ತೇವೆ.